ಬೆರಳಚ್ಚು ಪಾವತಿ ಮತ್ತು ಟೋಕನ್ ಪದ್ಧತಿ

ಖಾತೆ, ಕಾರ್ಡ್ ಅಥವಾ ಗುರುತಿನ ಸಂಖ್ಯೆಯನ್ನು ನೇರವಾಗಿ ಬಳಸದೆ, ಅದರ ಜಾಗದಲ್ಲಿ ಬೇರೆಲ್ಲೂ ಬೆಲೆಯಿಲ್ಲದ ಮತ್ತೊಂದು ಸಂಖ್ಯೆಯನ್ನು ಚಲಾವಣೆಗೆ ಬಿಡುವುದು ಟೋಕನ್ ಪದ್ಧತಿ. ಅಸಲು ಸಂಖ್ಯೆ ಭದ್ರವಾದ ಒಂದು ಕಡತದಲ್ಲಿ ಉಳಿಯುತ್ತದೆ. ಟೋಕನ್ನಿಂದ ಅಸಲಿಗೆ ಹಿಂತಿರುಗುವ ದಾರಿ ಆ ಕಡತಕ್ಕೆ ಮಾತ್ರ ಗೊತ್ತು. ಗೂಢಲಿಪಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇದೇ. ಗೂಢಲಿಪಿ ಕೀಲಿ ಸಿಕ್ಕರೆ ಬಿಚ್ಚಿಕೊಳ್ಳುತ್ತದೆ. ಯಾದೃಚ್ಛಿಕವಾಗಿ ಹುಟ್ಟಿದ ಟೋಕನ್ನಿನಲ್ಲಿ ಬಿಚ್ಚಲು ಏನೂ ಇರುವುದಿಲ್ಲ. ಕಾರ್ಡ್ ಪಾವತಿಯಲ್ಲಿ ಈ ಪದ್ಧತಿ 2000ದ ದಶಕದಲ್ಲಿ ಬೆಳೆಯಿತು. 2014ರಲ್ಲಿ ಕಾರ್ಡ್ ಸಂಸ್ಥೆಗಳ ಒಕ್ಕೂಟವಾದ ಇಎಂವಿಕೊ ಇದಕ್ಕೆ ಮಾನದಂಡ ರೂಪಿಸಿತು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2019ರ ಜನವರಿಯಲ್ಲಿ ಕಾರ್ಡ್ ಟೋಕನ್‌ಗೆ ಅನುಮತಿ ಕೊಟ್ಟಿತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವುದೇ ನಿಂತಿತು.

ಬೆರಳಚ್ಚಿನ ವಿಷಯ ಅಷ್ಟು ಸರಳವಲ್ಲ. ಕಾರ್ಡ್ ಕಳೆದರೆ ಹೊಸದು ಬರುತ್ತದೆ, ಬೆರಳಿಗೆ ಬದಲಿ ಇಲ್ಲ. 2001ರಲ್ಲಿ ಐಬಿಎಂನ ನಳಿನಿ ರಾಥಾ, ಜೋನಾಥನ್ ಕಾನೆಲ್ ಮತ್ತು ರೂಡ್ ಬೋಲೆ ಇದಕ್ಕೊಂದು ಉತ್ತರ ಸೂಚಿಸಿದರು: ಅಚ್ಚನ್ನು ಇದ್ದಂತೆಯೇ ಇಡದೆ, ಬೇಕೆಂದೇ ವಿರೂಪಗೊಳಿಸಿದ ರೂಪವನ್ನು ಇಡಬೇಕು, ಅದು ಸೋರಿದರೆ ರದ್ದುಮಾಡಿ ಬೇರೆ ವಿರೂಪವನ್ನು ಬಳಸಬೇಕು. ಮರುವರ್ಷವೇ ಜಪಾನಿನ ತ್ಸುತೊಮು ಮತ್ಸುಮೊಟೊ ಮತ್ತು ಸಂಗಡಿಗರು ಜೆಲಾಟಿನ್ ಬೆರಳು ಮಾಡಿ ಮಾರುಕಟ್ಟೆಯ 11 ಸ್ಕ್ಯಾನರ್‌ಗಳನ್ನು ವಂಚಿಸಿ ತೋರಿಸಿದರು. ಅಪಾಯ ಎರಡು ಕಡೆ ಇದೆ, ದತ್ತಾಂಶ ಇಟ್ಟಲ್ಲಿ ಮತ್ತು ಬೆರಳು ಇಟ್ಟಲ್ಲಿ, ಎಂಬುದು ಆಗಲೇ ಸ್ಪಷ್ಟವಾಗಿತ್ತು. ಟೋಕನ್ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೂ ಅದೇ ಮದ್ದು ಎಂದು ನಂಬಿದ ಕಡೆಗಳಲ್ಲೆಲ್ಲ ಈ ಚರಿತ್ರೆ ಎಡವಿದೆ.

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ, ತಮಿಳುನಾಡು ಗಡಿಗೆ ಮುಂಚೆ ಸಿಗುವ ಪುಣಜನೂರಿನಂಥ ಕಾಡಂಚಿನ ಊರಿಗೆ ಆಧಾರ್ ಆಧಾರಿತ ಬೆರಳಚ್ಚು ಪಾವತಿ ಏಕೆ ಮುಖ್ಯವೆಂಬುದನ್ನು ಅದರ ನಡೆಯಿಂದಲೇ ತಿಳಿಯಬಹುದು. ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ ಅಥವಾ ಗೃಹಲಕ್ಷ್ಮಿಯ 2,000 ರೂಪಾಯಿ ಬಿಡಿಸಲು ಬಂದವರು, ಬ್ಯಾಂಕಿನ ಪರವಾಗಿ ಊರಿನಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರಿಗೆ ಬ್ಯಾಂಕಿನ ಹೆಸರು ಹಾಗೂ 12 ಅಂಕಿಯ ಆಧಾರ್ ಸಂಖ್ಯೆ ಹೇಳಿ, ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಆ ಅಚ್ಚು ಗೂಢಲಿಪಿಯ ಕಟ್ಟಾಗಿ, ಆ ಗಳಿಗೆಯ ಸಮಯದ ಗುರುತಿನೊಂದಿಗೆ, ರಾಷ್ಟ್ರೀಯ ಪಾವತಿ ನಿಗಮದ ಜಾಲ ಹಾದು ಆಧಾರ್ ಪ್ರಾಧಿಕಾರಕ್ಕೆ ಹೋಗುತ್ತದೆ. ಅಲ್ಲಿಂದ ಬರುವುದು ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ. ಪಿನ್ ಇಲ್ಲ, ಒಟಿಪಿ ಇಲ್ಲ. ಓದುಬರಹ ಬಾರದವರಿಗೂ ಬ್ಯಾಂಕನ್ನು ಊರಿಗೇ ತಂದದ್ದು ಈ ಸರಳತೆ. ಇಡೀ ಖಾತೆಯನ್ನು ಮೂರು ಸಂಗತಿಗಳ ಮೇಲೆ ನಿಲ್ಲಿಸಿದ್ದೂ ಅದೇ, ಮತ್ತು ಆ ಮೂರರಲ್ಲಿ ಯಾವುದೂ ನಿಜವಾದ ಗುಟ್ಟಲ್ಲ.

ಆಧಾರ್ ಸಂಖ್ಯೆ ಎಲ್ಲೆಂದರಲ್ಲಿ ಬಿದ್ದಿದೆ ಎಂಬ ಆತಂಕ ಹೆಚ್ಚಿದ ಮೇಲೆ ಟೋಕನ್ ಇಲ್ಲಿಗೂ ಬಂತು. ಆಧಾರ್ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪು ಅವರ ಹೆಸರಿನಲ್ಲೇ ಇದೆ. ಅದೇ ವರ್ಷ ಪ್ರಾಧಿಕಾರ, ಆಧಾರ್ ಸಂಖ್ಯೆಯನ್ನು ಸಂಗ್ರಹಿಸುವ ಸಂಸ್ಥೆಗಳು ಅದನ್ನು ಪ್ರತ್ಯೇಕ ಭದ್ರ ಕಡತದಲ್ಲಿಟ್ಟು, ಉಳಿದ ಎಲ್ಲ ದಾಖಲೆಗಳಲ್ಲಿ ಉಲ್ಲೇಖ ಸಂಖ್ಯೆಯನ್ನಷ್ಟೇ ಬಳಸಬೇಕೆಂದು ವಿಧಿಸಿತು. 2018ರ ಜನವರಿಯಲ್ಲಿ 16 ಅಂಕಿಯ ವರ್ಚುವಲ್ ಐಡಿ ಮತ್ತು 72 ಅಕ್ಷರಗಳ ಯುಐಡಿ ಟೋಕನ್ ಘೋಷಣೆಯಾದವು. ಮೊದಲನೆಯದು ಜನರೇ ಪಡೆದು ಬದಲಿಸಬಹುದಾದದ್ದು. ಎರಡನೆಯದನ್ನು ವ್ಯವಸ್ಥೆಯೇ ಸಂಸ್ಥೆಗೊಂದರಂತೆ ಕೊಡುತ್ತದೆ. ಹೀಗಾಗಿ ಒಂದು ಸಂಸ್ಥೆಯ ಟೋಕನ್ನನ್ನು ಇನ್ನೊಂದರ ಟೋಕನ್ನಿನ ಜೊತೆ ಹೊಂದಿಸಿ ಒಬ್ಬರ ಇಡೀ ಚಿತ್ರ ಕಟ್ಟಲಾಗದು.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ 2023ರಲ್ಲಿ ಕರ್ನಾಟಕದಲ್ಲೇ ನಡೆಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಸಿಗುತ್ತಿದ್ದ ಕ್ರಯಪತ್ರದ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ವಿವರ ತೆಗೆದು, ನಕಲಿ ಅಚ್ಚು ಮಾಡಿ ಖಾತೆಗಳಿಂದ ಹಣ ಎಳೆದ ಪ್ರಕರಣಗಳಲ್ಲಿ ಬೆಂಗಳೂರು ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಆಮೇಲೆ ಇಲಾಖೆ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡಲು ಮುಂದಾಯಿತು. ಪ್ರಾಧಿಕಾರದ ಕಡತಕ್ಕೆ ಯಾರೂ ಕನ್ನ ಹಾಕಿರಲಿಲ್ಲ. ಸಂಖ್ಯೆ ಮತ್ತು ಬೆರಳು ಒಂದೇ ಹಾಳೆಯ ಮೇಲೆ ಜೋಡಿಯಾಗಿ ಸಿಕ್ಕಿದ್ದೇ ಸಾಕಾಯಿತು; ಬ್ಯಾಂಕಿನ ಹೆಸರನ್ನು ಊಹಿಸಿದರೂ ನಡೆಯುತ್ತದೆ. ಬಯೋಮೆಟ್ರಿಕ್ ಪಾವತಿಯಲ್ಲಿ ಟೋಕನ್ನಿನ ಅಸಲಿ ಕೆಲಸ ಇಲ್ಲಿ ಕಾಣುತ್ತದೆ: ಅದು ಬೆರಳನ್ನು ಕಾಯಲಾರದು, ಬೆರಳಿಗೂ ಖಾತೆಗೂ ಇರುವ ಜೋಡಣೆಯನ್ನು ಕತ್ತರಿಸುತ್ತದೆ. ಆ ಹಾಳೆಯಲ್ಲಿ ಆಧಾರ್ ಸಂಖ್ಯೆಯ ಬದಲು ನೋಂದಣಿ ಇಲಾಖೆಗಷ್ಟೇ ಅರ್ಥವಾಗುವ ಟೋಕನ್ ಇದ್ದಿದ್ದರೆ, ಬೆರಳಚ್ಚು ಎಷ್ಟೇ ನಿಚ್ಚಳವಾಗಿದ್ದರೂ ಯಾವ ಖಾತೆಯನ್ನು ತೆರೆಯಬೇಕೆಂದು ಆ ಹಾಳೆ ವಂಚಕರಿಗೆ ಹೇಳುತ್ತಿರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಎಲ್ಲವನ್ನೂ ಒಂದೇ ಕಡತದಲ್ಲಿಟ್ಟರೆ ಒಂದೇ ಏಟಿಗೆ ಎಲ್ಲವೂ ಹೋಗುತ್ತದೆ ಎನ್ನುವುದು ಒಂದು. ಮಾತು ಸುಳ್ಳಲ್ಲ, 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾಗಿತ್ತು. ಆದರೆ ಟೋಕನ್ ಇಲ್ಲದಿದ್ದರೆ ಕಡತ ಇಲ್ಲವಾಗುವುದಿಲ್ಲ, ಅದರ ನಕಲುಗಳು ಸಾವಿರ ಕಚೇರಿಗಳಲ್ಲಿ ಹರಡಿಕೊಳ್ಳುತ್ತವೆ ಅಷ್ಟೆ. ಒಂದು ಬಾಗಿಲಿಗೆ ಗಟ್ಟಿ ಕಾವಲು ಹಾಕಬಹುದು. ಒಂದೊಂದು ಉಪನೋಂದಣಾಧಿಕಾರಿ ಕಚೇರಿಗೂ ಅಂಥದ್ದೇ ಕಾವಲು ಹಾಕಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಆನ್‌ಲೈನಿನಲ್ಲಿ ವರ್ಚುವಲ್ ಐಡಿ ಪಡೆಯಲು ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಇಳಿದು ಬರುವ ಸೋಲಿಗ ಬುಡಕಟ್ಟಿನ ಅಜ್ಜಿಯೊಬ್ಬರು ಆ ಮೊಬೈಲ್ ಇಲ್ಲದೆ, 16 ಅಂಕಿ ನೆನಪಿಟ್ಟು ಪ್ರತಿ ಸಲ ಹೇಳಬೇಕೆಂದರೆ, ಬ್ಯಾಂಕನ್ನು ಊರಿಗೆ ತಂದ ಸರಳತೆಯೇ ಹೋಯಿತು. ಈ ಆಕ್ಷೇಪವನ್ನು ಪೂರ್ತಿ ಒಪ್ಪಲೇಬೇಕು. ಟೋಕನ್ ತಯಾರಿಸುವ ಹೊಣೆಯನ್ನು ಜನರ ತಲೆಗೆ ಕಟ್ಟಿದ ಯಾವ ಯೋಜನೆಯೂ ಕಾಡಂಚಿನಲ್ಲಿ ನಿಲ್ಲದು. ಯುಐಡಿ ಟೋಕನ್ ಮತ್ತು ಭದ್ರ ಕಡತದಂತೆ ಕಚೇರಿಯ ಒಳಗೇ, ಯಾರನ್ನೂ ಕೇಳದೆ ನಡೆಯುವ ಬದಲಾವಣೆಯಷ್ಟೇ ಅಲ್ಲಿ ಕೆಲಸ ಮಾಡುತ್ತದೆ.

ಯಂತ್ರದ ಮೇಲಿಟ್ಟ ಬೆರಳು ಜೀವಂತವೋ ಅಚ್ಚೋ ಎಂಬ ಪ್ರಶ್ನೆಗೆ ಟೋಕನ್ನಿನಲ್ಲಿ ಉತ್ತರವಿಲ್ಲ. ಅದಕ್ಕೆಂದೇ 2023ರ ಫೆಬ್ರುವರಿಯಲ್ಲಿ ಪ್ರಾಧಿಕಾರ, ಬೆರಳಿನ ರೇಖಾಬಿಂದುಗಳ ಜೊತೆಗೆ ಚಿತ್ರವನ್ನೂ ನೋಡಿ ಜೀವಂತಿಕೆ ಅಳೆಯುವ ತಪಾಸಣೆ ತಂದಿತು. ಗೂಢಲಿಪಿಯ ಕೆಲಸ ಸ್ಕ್ಯಾನರಿನ ಒಳಗೇ ಮುಗಿಯುವ ಎಲ್‌1 ಯಂತ್ರಗಳು ಹಳೆಯ ಎಲ್‌0 ಯಂತ್ರಗಳ ಜಾಗಕ್ಕೆ ಬಂದವು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಯಂತ್ರ ನಡೆಸುವವರ ಹಿನ್ನೆಲೆ ಪರಿಶೀಲನೆಗೂ ನಿಯಮ ಮಾಡಿತು. ಅದೇ ವರ್ಷ ಯುಪಿಐಯಲ್ಲಿ ಫೋನಿನ ಬೆರಳಚ್ಚಿನಿಂದಲೇ ಪಾವತಿಗೆ ಒಪ್ಪಿಗೆ ಕೊಡುವ ಏರ್ಪಾಡು ಬಂತು. ಅಲ್ಲಿ ಅಚ್ಚು ಫೋನ್ ಬಿಟ್ಟು ಹೊರಡುವುದೇ ಇಲ್ಲ. ಸ್ವಂತ ಸ್ಮಾರ್ಟ್‌ಫೋನ್ ಇದ್ದವರಿಗೆ ಇದು ಒಳ್ಳೆಯ ಪರಿಹಾರ. ಬ್ಯಾಂಕ್ ಮಿತ್ರರ ಯಂತ್ರವನ್ನೇ ನೆಚ್ಚಿಕೊಂಡವರಿಗೆ ಇದರಿಂದ ಏನೂ ಬದಲಾಗದು. ಈಗಾಗಲೇ ಹೊರಹೋದ ಕ್ರಯಪತ್ರದ ಪ್ರತಿಗಳನ್ನು ಹಿಂದಕ್ಕೆ ಕರೆಸಲೂ ಆಗದು. ಅವುಗಳಲ್ಲಿ ಬೆರಳಚ್ಚು ಇರುವವರಿಗೆ ಸದ್ಯ ಇರುವ ರಕ್ಷಣೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ (ಬೆರಳಚ್ಚಿನ ಬಳಕೆಗೆ ಹಾಕುವ ತಡೆ), ಮತ್ತು ಅದನ್ನು ಹಾಕುವ ಹೊಣೆ ಮತ್ತೆ ಅವರದ್ದೇ. ಬೆರಳಚ್ಚಿನಿಂದ ಒಮ್ಮೆಯೂ ಹಣ ತೆಗೆಯದವರ ಖಾತೆಯಲ್ಲಿ ಬೆರಳಚ್ಚು ಪಾವತಿಯ ಸೌಲಭ್ಯವನ್ನು ಬ್ಯಾಂಕೇ ಮುಚ್ಚಿಟ್ಟು, ಕೇಳಿದವರಿಗೆ ಶಾಖೆಯಲ್ಲಿ ತೆರೆದುಕೊಟ್ಟರೆ, ಲಾಕ್‌ನ ಹೆಸರೇ ಕೇಳದವರ ಹಣವೂ ಉಳಿಯುತ್ತದೆ, ಪಿಂಚಣಿಗೆ ಹೆಬ್ಬೆಟ್ಟನ್ನೇ ನಂಬಿದವರಿಗೂ ತೊಂದರೆಯಾಗದು.