ಗಾಯ ಮತ್ತು ಯೋಗಾಭ್ಯಾಸ

ಪೆಟ್ಟು, ಉಳುಕು, ಸ್ನಾಯುಸೆಳೆತ, ಕೀಲುನೋವು ಇದ್ದಾಗಲೂ ಆಸನ, ಪ್ರಾಣಾಯಾಮ, ವ್ಯಾಯಾಮಗಳನ್ನು ಕೈಬಿಡದೆ, ಅವುಗಳ ರೂಪ ಬದಲಿಸಿ ಮುಂದುವರಿಸುವ ಕ್ರಮ. ಪತಂಜಲಿಯ ಯೋಗಸೂತ್ರ ಹೆಸರಿಸುವ ಒಂಬತ್ತು ಅಂತರಾಯಗಳಲ್ಲಿ ವ್ಯಾಧಿಯೇ ಮೊದಲನೆಯದು. ಈ ತೊಡಕಿಗೆ ಆಸನದ ಮಟ್ಟದಲ್ಲಿ ವಿವರವಾದ ಉಪಾಯಗಳನ್ನು ಕಂಡುಕೊಂಡವರಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಪ್ರಮುಖರು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿದ್ದರು. ಮೈಸೂರಿನಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರೇ ಅವರಿಗೆ ಗುರುಗಳಾದರು. ಕೃಷ್ಣಮಾಚಾರ್ಯರದು ಬಲು ಕಟ್ಟುನಿಟ್ಟಿನ ಪಾಠ. ಸಿದ್ಧತೆಯಿಲ್ಲದೆ ಹನುಮಾನಾಸನ ಮಾಡಬೇಕಾಗಿ ಬಂದು ತೊಡೆಯ ಹಿಂಬದಿಯ ಸ್ನಾಯು ಹರಿದದ್ದನ್ನು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದರು. 1966ರಲ್ಲಿ ‘ಲೈಟ್ ಆನ್ ಯೋಗ’ ಪ್ರಕಟವಾಗಿ ಲೋಕಪ್ರಸಿದ್ಧರಾದ ಮೇಲೆ, ಅರವತ್ತರ ಹೊಸ್ತಿಲಲ್ಲಿ, 1979ರ ಸ್ಕೂಟರ್ ಅಪಘಾತ ಅವರ ಬೆನ್ನುಮೂಳೆಗೂ ಭುಜಕ್ಕೂ ಪೆಟ್ಟು ಕೊಟ್ಟಿತು. ಸುಲಭವಾಗಿ ಮಾಡುತ್ತಿದ್ದ ಆಸನಗಳನ್ನೂ ಮತ್ತೆ ಮೊದಲಿನಿಂದ, ಆಧಾರಗಳ ಸಹಾಯದಿಂದ, ವರ್ಷಗಟ್ಟಲೆ ಕಲಿಯಬೇಕಾಯಿತು.

ಅವರ ಪದ್ಧತಿಯ ಗುರುತೇ ಈ ಆಧಾರಗಳು: ಇಟ್ಟಿಗೆ, ಪಟ್ಟಿ, ಗೋಡೆಯ ಹಗ್ಗ, ದಿಂಬು, ಮಡಿಸಿದ ಕಂಬಳಿ, ಬೆನ್ನಿನ ಹಲಗೆ ತೆಗೆದ ಕಬ್ಬಿಣದ ಕುರ್ಚಿ. ಇವುಗಳನ್ನು ಬಳಸುವವರು ಅರೆಬರೆ ಯೋಗಿಗಳು ಎಂಬ ಕೊಂಕು ಇಂದಿಗೂ ಕೇಳಿಬರುತ್ತದೆ, ಅದರಲ್ಲಿ ಹುರುಳಿಲ್ಲ. ಹಂಪಿಯ ಉಗ್ರನರಸಿಂಹನ ಮೊಣಕಾಲುಗಳನ್ನು ಸುತ್ತಿರುವ ಯೋಗಪಟ್ಟವೂ ಆಧಾರವೇ ತಾನೆ. ಮಂಡಿ ನೋಯುವವರು ಪದ್ಮಾಸನ ಬಿಟ್ಟು ಕಂಬಳಿಯ ಮೇಲೆ ಸುಖಾಸನದಲ್ಲಿ ಕೂರಬಹುದು. ಸೊಂಟದ ಕೀಲು ಸಾಕಷ್ಟು ಹೊರಳದಿದ್ದರೆ ಪದ್ಮಾಸನದ ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ. ಮಣಿಕಟ್ಟಿನ ನೋವಿದ್ದರೆ ಅಧೋಮುಖ ಶ್ವಾನಾಸನದ ಬದಲು ಮುಂಗೈಗಳನ್ನು ಗೋಡೆಗೋ ಮೇಜಿಗೋ ಒರಗಿಸಿ ಬಾಗಬಹುದು. ಕತ್ತಿನ ತೊಂದರೆಯಿದ್ದವರಿಗೆ ಶೀರ್ಷಾಸನ ಸಲ್ಲದು. ಅನುಭವಿ ಶಿಕ್ಷಕರು ತಲೆಯ ಮೇಲೆ ಭಾರ ಬೀಳದ ಹಾಗೆ ಹಗ್ಗದಲ್ಲಿ ತೂಗುಬಿಡುತ್ತಾರೆ.

ಅಭ್ಯಾಸಿಗಳನ್ನು ಹೆಚ್ಚು ಕಾಡುವ ನೋವೊಂದು ಕುಳಿತಾಗ ನೆಲಕ್ಕೆ ತಾಗುವ ಮೂಳೆಯ ಬುಡದ್ದು. ತೊಡೆಯ ಹಿಂಬದಿಯ ಸ್ನಾಯುಗಳು ಹುಟ್ಟುವ ಜಾಗವದು. ಪಶ್ಚಿಮೋತ್ತಾನಾಸನವನ್ನು ದಿನವೂ ಹಟದಿಂದ ಎಳೆದರೆ ಅಲ್ಲಿನ ಸ್ನಾಯುರಜ್ಜು ಕೆರಳುತ್ತದೆ. ಬಿಗಿಯಾಗಿದೆ ಎಂದು ಇನ್ನಷ್ಟು ಎಳೆಯುವುದು ಅನೇಕರ ತಪ್ಪು. ಅದಕ್ಕೆ ಬೇಕಾದದ್ದು ಎಳೆತವಲ್ಲ, ಹದವಾದ ಭಾರ. ಮಂಡಿ ಮಡಿಸಿ ಬಾಗುವುದು, ಸೇತುಬಂಧದಂಥ ಬಲ ಕೊಡುವ ಆಸನಗಳು ನಿಧಾನಕ್ಕೆ ಹಿತ ತರುತ್ತವೆ. ಸ್ನಾಯುರಜ್ಜು ಬಲಗೊಳ್ಳುವುದು ಮೆಲ್ಲಗೆ ಏರಿಸಿದ ಭಾರಕ್ಕೆ ಒಗ್ಗಿಕೊಳ್ಳುತ್ತ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು.

ಪೂರ್ತಿ ವಿಶ್ರಾಂತಿಗೂ ಬೆಲೆ ತೆರಬೇಕು. ಹಾಸಿಗೆ ಹಿಡಿದರೆ ಕೆಲವೇ ದಿನಗಳಲ್ಲಿ ಸ್ನಾಯು ಸೊರಗತೊಡಗುತ್ತದೆ. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ಇನ್ನೊಂದು ಕೈಗೆ ವ್ಯಾಯಾಮ ಕೊಟ್ಟರೆ ಕಟ್ಟಿಹಾಕಿದ ಕೈಯ ಬಲವೂ ಒಂದಿಷ್ಟು ಉಳಿಯುತ್ತದೆ. ಇದು ನರಮಂಡಲದ ಕೆಲಸ. 1894ರಷ್ಟು ಹಿಂದೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಗಮನಿಸಿದ್ದರು. ಹೊತ್ತನ್ನು ಕಾಪಾಡಿಕೊಳ್ಳುವುದೂ ಮುಖ್ಯ. ಬೆಳಗಿನ ಅಭ್ಯಾಸದ ಹೊತ್ತಿಗೆ ಚಾಪೆ ಹಾಸಿ ಪ್ರಾಣಾಯಾಮ, ಶವಾಸನವನ್ನಾದರೂ ಮಾಡಿದವರಿಗೆ ಗಾಯ ಮಾಗಿದ ಮೇಲೆ ಹಳೆಯ ಲಯಕ್ಕೆ ಮರಳುವುದು ಕಷ್ಟವಾಗದು.

ಎಷ್ಟು ಮಾಡಬಹುದು ಎಂಬುದಕ್ಕೆ ಸರಳ ಅಳತೆ ಮರುದಿನದ ಬೆಳಗು. ಅಭ್ಯಾಸದ ವೇಳೆಯ ಸಣ್ಣ ನೋವು ಅಷ್ಟರೊಳಗೆ ಇಳಿದಿದ್ದರೆ ಅದೇ ಪ್ರಮಾಣ ಸಾಕು. ಹೆಚ್ಚಿದ್ದರೆ ಕಡಿಮೆ ಮಾಡಬೇಕು. ಚುಚ್ಚಿದಂಥ ನೋವು, ಕೀಲಿನ ಊತ, ಕೈಕಾಲಿಗೆ ಹರಿಯುವ ಜೋಮು, ಭಾರ ಊರಲಾಗದ ಕಾಲು ಕಂಡರೆ ಈ ಅಳತೆ ನಡೆಯದು. ಆಗ ಅಭ್ಯಾಸ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು. ಮೂತ್ರ ಅಥವಾ ಮಲದ ಹತೋಟಿ ತಪ್ಪುವಂಥ ಬೆನ್ನುನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.