ಮರಳಿನಲ್ಲಿ ಹೂತ ಸಂತ ಲಾರೆನ್ಸರ ದೇವಾಲಯ

ಅತ್ತೂರಿನ ಸಾಂತ್‌ಮಾರಿಗೆ ಹೋಗಿ ಬಂದವರಿಗೆ ಸಂತ ಲಾರೆನ್ಸರನ್ನು ಪರಿಚಯಿಸಬೇಕಾಗಿಲ್ಲ. ಕ್ರಿ.ಶ. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಈ ಡೀಕನರ ಹೆಸರಿನಲ್ಲಿ ಲೋಕದಾದ್ಯಂತ ದೇವಾಲಯಗಳುಂಟು. ಅವುಗಳಲ್ಲೊಂದು ಡೆನ್ಮಾರ್ಕಿನ ಉತ್ತರದ ತುದಿಯಲ್ಲಿ, ಸ್ಕಾಗೆನ್ ಎಂಬ ಮೀನುಗಾರರ ಊರಿನ ಹೊರಗೆ ಇದೆ. ಇದೆ ಎನ್ನುವುದಕ್ಕಿಂತ, ಅದರ ಗೋಪುರವೊಂದು ಉಳಿದಿದೆ ಎನ್ನುವುದೇ ಸರಿ.

ಆ ಇಟ್ಟಿಗೆಯ ದೇವಾಲಯವನ್ನು ಕಟ್ಟಿದ್ದು 14ನೆಯ ಶತಮಾನದ ಉತ್ತರಾರ್ಧದಲ್ಲಿ. ಸಂತ ಲಾರೆನ್ಸರು ಅಲ್ಲಿನ ಕಡಲಿಗರ ಪಾಲಕ ಸಂತರು. 1536ರಲ್ಲಿ ಡೆನ್ಮಾರ್ಕ್ ಲೂಥರನ್ ಪಂಥವನ್ನು ಅಂಗೀಕರಿಸಿದ ಮೇಲೂ ಊರಿನವರು ಅದೇ ದೇವಾಲಯದಲ್ಲಿ ಪ್ರಾರ್ಥಿಸುತ್ತ ಬಂದರು. 1600ರ ಸುಮಾರಿಗೆ ಮರಳು ದೇವಾಲಯದತ್ತ ಸರಿಯತೊಡಗಿತು. 1775ರ ಬಿರುಗಾಳಿಗೆ ಬಾಗಿಲೇ ಮುಚ್ಚಿಹೋಯಿತು. ಮುಂದಿನ 20 ವರ್ಷ ಜನರು ಆರಾಧನೆಗೆ ಬರುವಾಗ ಗುದ್ದಲಿ, ಸಲಿಕೆ ಹಿಡಿದು ದಾರಿ ಅಗೆದುಕೊಂಡೇ ಒಳಹೋಗಬೇಕಾಯಿತು. 1795ರಲ್ಲಿ ರಾಜಾಜ್ಞೆಯಂತೆ ಅದನ್ನು ಮುಚ್ಚಲಾಯಿತು. ತರುವಾಯ ಕಟ್ಟಡವನ್ನು ಕೆಡವಿದರು. ಗೋಪುರವನ್ನು ಮಾತ್ರ ಹಡಗುಗಳಿಗೆ ಗುರುತಾಗಿರಲೆಂದು ಉಳಿಸಿದರು. ಸುಣ್ಣ ಬಳಿದ ಆ ಬಿಳಿಯ ಗೋಪುರ ಇಂದಿಗೂ ನಿಂತಿದೆ. ಡೇನಿಷ್ ಕಥೆಗಾರ ಆಂಡರ್ಸನ್ 1859ರಲ್ಲಿ ಅಲ್ಲಿಗೆ ಹೋಗಿ ಬಂದು, ಮರಳಿನಲ್ಲಿ ಹೂತ ಈ ದೇವಾಲಯವನ್ನು ತನ್ನ ಕಥೆಯೊಂದಕ್ಕೆ ತಂದನು.

ತಲಕಾಡಿನ ಗುಡಿಗಳನ್ನು ಕಂಡವರಿಗೆ ಈ ಚಿತ್ರ ಹೊಸತಲ್ಲ. ಅಲ್ಲಿ ಜನ ಅಲಮೇಲಮ್ಮನ ಶಾಪವನ್ನು ನೆನೆಯುತ್ತಾರೆ. ಸ್ಕಾಗೆನ್‌ನಲ್ಲಿ ಶಪಿಸಿದವರು ಯಾರೂ ಇರಲಿಲ್ಲ. ಮರಗಳನ್ನು ಕಡಿದರು, ದನಕುರಿಗಳನ್ನು ಮರಳ ದಿಬ್ಬಗಳ ಮೇಲೆ ಮೇಯಲು ಬಿಟ್ಟರು, ಮೇವಿಗೆಂದೂ ಮಾಡಿಗೆ ಹೊದಿಸಲೆಂದೂ ಅಲ್ಲಿನ ಹುಲ್ಲನ್ನು ಕಿತ್ತರು. ಆ ತೀರದ ಮ್ಯಾರಮ್ ಹುಲ್ಲಿನ ಸ್ವಭಾವ ವಿಚಿತ್ರವಾದುದು. ಗಾಳಿ ತಂದ ಮರಳು ಮೇಲೆ ಬಿದ್ದಷ್ಟೂ ಅದು ಸಾಯದೆ ಮೇಲಕ್ಕೆ ಚಿಗುರುತ್ತದೆ. ಅದರ ಬೇರುಗಳ ಬಲೆ ದಿಬ್ಬವನ್ನು ಬಿಗಿಹಿಡಿಯುತ್ತದೆ. ಹುಲ್ಲು ಹರಿದಲ್ಲಿ ಗಾಳಿ ತೂರಿ ಗುಳಿ ತೋಡುತ್ತದೆ, ದಿಬ್ಬವೇ ನಡೆಯತೊಡಗುತ್ತದೆ.

ಅರಸರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಮೂರನೆಯ ಕ್ರಿಶ್ಚಿಯನ್ ದೊರೆ 1539ರಲ್ಲೇ ದಿಬ್ಬದ ಹುಲ್ಲನ್ನು ಕೀಳಬಾರದೆಂದು ಆಜ್ಞೆ ಹೊರಡಿಸಿದ್ದನು. ಆದರೆ ಒಲೆಗೂ ಮಾಡಿಗೂ ಬೇರೇನನ್ನೂ ಕಾಣದ ಬಡವನಿಗೆ ರಾಜಶಾಸನವು ಹುಲ್ಲಿಗಿಂತ ದೂರದ ವಸ್ತು. ಅವನ ಮೇಲೆ ಕಲ್ಲೆಸೆಯಲು ನನಗೆ ಮನಸ್ಸು ಬಾರದು. ಸ್ಕಾಟ್ಲೆಂಡಿನಲ್ಲೂ 1694ರಲ್ಲಿ ಕಲ್ಬಿನ್ ಎಂಬಲ್ಲಿನ ಫಲವತ್ತಾದ ಜಮೀನು ಮರಳಿನಡಿ ಹೋಯಿತು. ಮರುವರ್ಷವೇ ಅಲ್ಲಿನ ಸಂಸತ್ತು ದಿಬ್ಬಗಳ ಹುಲ್ಲು, ಪೊದೆಗಳನ್ನು ಕೀಳದಂತೆ ಕಾನೂನು ಮಾಡಿತು. ಹೊಲ ಮುಳುಗಿದ ಮೇಲೆ!

ಡೆನ್ಮಾರ್ಕಿನಲ್ಲಿ 1792ರ ಮರಳುಹಾರಾಟ ಶಾಸನದ ಬಳಿಕವೇ ಕೆಲಸ ವ್ಯವಸ್ಥಿತವಾಯಿತು. ಹುಲ್ಲು ನೆಟ್ಟರು, 19ನೆಯ ಶತಮಾನದಲ್ಲಿ ಪೈನ್ ಮರಗಳ ತೋಪುಗಳನ್ನು ಎಬ್ಬಿಸಿದರು, ಮರಳು ನಿಂತಿತು.

ನಮ್ಮ ಕರಾವಳಿಯಲ್ಲಿ ಆ ಹುಲ್ಲಿನ ಕೆಲಸವನ್ನು ಮಾಡುವುದು, ಆಡಿನ ಗೊರಸಿನಂತಹ ಎಲೆಯೂ ನೇರಳೆ ಹೂವೂ ಉಳ್ಳ, ಮರಳ ಮೇಲೆ ಹಬ್ಬುವ ಬಳ್ಳಿ. ಕಡಲ ತೀರದ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ, ಅತಿಥಿಗೃಹದ ಕಿಟಕಿಗೆ ಸಮುದ್ರ ಕಾಣಲೆಂದು ಆ ಬಳ್ಳಿಯ ಸಮೇತ ದಿಬ್ಬವೊಂದನ್ನು ಯಂತ್ರದಿಂದ ಮಟ್ಟಮಾಡಿದ್ದನ್ನು ಕಂಡೆ. ಒಂದೇ ದಿನದ ಕೆಲಸ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ದಿಬ್ಬಗಳ ರೂಪ ಕೆಡಿಸುವುದನ್ನು ನಿಷೇಧಿಸಿತ್ತು. 2011 ಮತ್ತು 2019ರ ಅಧಿಸೂಚನೆಗಳು ಅವುಗಳನ್ನು ಅತ್ಯಂತ ಸೂಕ್ಷ್ಮವಾದ ಮೊದಲ ವರ್ಗಕ್ಕೆ ಸೇರಿಸಿದವು. ಅಲ್ಲಿ ಒಲೆಗೆ ಹುಲ್ಲಿಲ್ಲವೆಂಬ ಸಬೂಬೂ ಇರಲಿಲ್ಲ.

ಸ್ಕಾಗೆನ್‌ನ ಸಮೀಪ ರೋಬ್ಯರ್ಗ್ ಮೀಲೆ ಎಂಬ ದಿಬ್ಬವೊಂದಿದೆ. ಎತ್ತರ ಸುಮಾರು 40 ಮೀಟರ್. ಉಳಿದೆಲ್ಲ ದಿಬ್ಬಗಳಿಗೆ ಮರ ನೆಟ್ಟು ಕಟ್ಟಿಹಾಕಿದ ಅದೇ ಸರ್ಕಾರ, ಮುಂದಿನ ಪೀಳಿಗೆ ಮರಳಿನ ನಡಿಗೆಯನ್ನು ಕಣ್ಣಾರೆ ಕಾಣಲೆಂದು 1900ರಲ್ಲಿ ಆ ನೆಲವನ್ನು ಕೊಂಡು ಮುಟ್ಟದೆ ಬಿಟ್ಟಿತು. ಅದು ವರ್ಷಕ್ಕೆ ಸುಮಾರು 15 ಮೀಟರಿನಂತೆ ಈಶಾನ್ಯಕ್ಕೆ ಇನ್ನೂ ನಡೆಯುತ್ತಿದೆ.