ಪುಸ್ತಕವಿಲ್ಲದ ಪಾಠ

ಬಾಯಿಪಾಠವೆಂದರೆ ಮೂಗು ಮುರಿಯುವವರೇ ಈಗ ಹೆಚ್ಚು. ಅರ್ಥ ತಿಳಿಯದೆ ಒಪ್ಪಿಸುವ ಗಿಳಿಪಾಠಕ್ಕೆ ಆ ಮಾತು ಸರಿಯೇ. ಆದರೆ ಪುಸ್ತಕಗಳೇ ಕೈತಪ್ಪಿಹೋದರೆ ಕಲಿತವರ ಬಳಿ ಉಳಿಯುವುದೇನು? ಚೀನಾದಲ್ಲಿ ಹೀಗೊಂದು ಕಾಲ ಬಂದಿತ್ತು.

1937ರ ಜುಲೈನಲ್ಲಿ ಜಪಾನಿನ ಸೈನ್ಯ ಉತ್ತರ ಚೀನಾದೊಳಕ್ಕೆ ನುಗ್ಗಿತು. ತಿಯಾನ್‌ಜಿನ್ ನಗರದ ನಾನ್‌ಕಾಯ್ ವಿಶ್ವವಿದ್ಯಾಲಯದ ಮೇಲೆ ಬಾಂಬು ಬಿದ್ದು ಅದು ಹಾಳಾಯಿತು. ಪೀಕಿಂಗ್, ತ್ಸಿಂಗ್‌ಹುವಾ, ನಾನ್‌ಕಾಯ್ ಈ ಮೂರು ವಿಶ್ವವಿದ್ಯಾಲಯಗಳೂ ಒಟ್ಟಾಗಿ ದಕ್ಷಿಣದ ಹುನಾನ್ ಪ್ರಾಂತ್ಯಕ್ಕೆ ಗುಳೆ ಹೊರಟವು. ಪೀಕಿಂಗ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಲು ಆ ಬೇಸಿಗೆಯಲ್ಲಷ್ಟೇ ಬಂದಿದ್ದ ವಿಲಿಯಂ ಎಂಪ್ಸನ್ನರೂ ಜೊತೆಗೂಡಿದರು. ಇಂಗ್ಲೆಂಡಿನ ಈ ಕವಿ, ವಿಮರ್ಶಕರಿಗೆ ಆಗ 31 ವರ್ಷ. ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಸಾಹಿತ್ಯದ ತರಗತಿಗಳು ನಡೆದದ್ದು ನಾನ್‌ಯುವೆ ಎಂಬ ಪುಣ್ಯಪರ್ವತದ ಮಡಿಲಲ್ಲಿ. ಗ್ರಂಥಾಲಯಗಳು ಉತ್ತರದಲ್ಲೇ ಉಳಿದಿದ್ದವು. ಎಂಪ್ಸನ್ನರು ಕಂಠಸ್ಥವಾಗಿದ್ದ ಕವಿತೆಗಳನ್ನು ಹಲಗೆಯ ಮೇಲೆ ಬರೆದು, ಟೈಪ್ ಮಾಡಿ ಹಂಚಿ, ಪಾಠ ನಡೆಸಿದರು. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನೂ ನೆನಪಿನಿಂದಲೇ ಟೈಪ್ ಮಾಡಿದರೆಂದು ಶಿಷ್ಯರು ಹೇಳುತ್ತಿದ್ದರು. ಒಂದು ಮಾತಿನೊಳಗೆ ಎಷ್ಟು ಅರ್ಥಗಳು ಅಡಗಿರಬಹುದೆಂದು 1930ರಲ್ಲೇ ಪುಸ್ತಕ ಬರೆದವರು ಅವರು. ಅವರದು ಬರಿಯ ಗಿಳಿಪಾಠವಲ್ಲ.

ಯುದ್ಧ ಸಮೀಪಿಸಿದಾಗ, 1938ರ ಫೆಬ್ರವರಿಯಲ್ಲಿ, ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಈ ಬಾರಿ ದೂರದ ಯುನ್ನಾನ್‌ಗೆ. ವಿದ್ಯಾರ್ಥಿನಿಯರು ರೈಲು, ಹಡಗು ಹತ್ತಿ ಹಾಂಗ್‌ಕಾಂಗ್, ವಿಯೆಟ್ನಾಂ ಸುತ್ತಿ ಬಂದರು. ಸುಮಾರು 300 ಮಂದಿ ಹುಡುಗರೂ ಅಧ್ಯಾಪಕರೂ 1,600 ಕಿಲೋಮೀಟರಿನಷ್ಟು ದಾರಿಯನ್ನು 68 ದಿನಗಳಲ್ಲಿ ಕ್ರಮಿಸಿದರು, ಬಹುಪಾಲು ಕಾಲ್ನಡಿಗೆಯಲ್ಲಿ. ಅವರಲ್ಲಿ ಎಂಪ್ಸನ್ನರ ಶಿಷ್ಯ ಝಾ ಲಿಯಾಂಗ್‌ಝೆಂಗ್ ಒಬ್ಬ. ಅವನು ನಡೆಯುತ್ತಲೇ ಇಂಗ್ಲಿಷ್ ನಿಘಂಟನ್ನು ಬಾಯಿಪಾಠ ಮಾಡಿ, ಕಲಿತ ಹಾಳೆಯನ್ನು ಹರಿದು ಬಿಸಾಡುತ್ತಿದ್ದನೆಂದು ಜೊತೆಗಾರರು ನೆನೆದಿದ್ದಾರೆ.

ಎಂಪ್ಸನ್ನರು 1939ರಲ್ಲಿ ಚೀನಾ ಬಿಟ್ಟರು. 1947ರಲ್ಲಿ ಮರಳಿ ಬಂದು 1952ರವರೆಗೆ ಪೀಕಿಂಗ್‌ನಲ್ಲಿ ಕಲಿಸಿದರು. ಝಾ, ‘ಮು ದಾನ್’ ಎಂಬ ಕಾವ್ಯನಾಮದಿಂದ ದೊಡ್ಡ ಕವಿಯಾದ. ನಾನ್‌ಕಾಯ್‌ನಲ್ಲಿ ಅಧ್ಯಾಪಕನೂ ಆದ. 1958ರಲ್ಲಿ ಸರ್ಕಾರ ಅವನಿಗೆ ಪ್ರತಿಕ್ರಾಂತಿಕಾರಿಯೆಂಬ ಹಣೆಪಟ್ಟಿ ಹಚ್ಚಿ, ಪಾಠ ಹೇಳುವ ಕೆಲಸ ಕಿತ್ತುಕೊಂಡು, ಗ್ರಂಥಾಲಯದ ಚಾಕರಿಗೆ ಹಾಕಿತು. ಆ ವರ್ಷಗಳಲ್ಲೇ ಅವನು ಬಿಡುವು ಮಾಡಿಕೊಂಡು ಬೈರನ್ನನ ‘ಡಾನ್ ಜುವಾನ್’ ಕಾವ್ಯವನ್ನು ಚೀನೀ ಭಾಷೆಗೆ ತಂದ. 1977ರಲ್ಲಿ ತೀರಿಕೊಂಡ, ಪುಸ್ತಕ ಅಚ್ಚಾದದ್ದು 1980ರಲ್ಲಿ.

ಬಾಂಬು ಕಟ್ಟಡ ಕೆಡವಿತು, ಅಧಿಕಾರ ಹುದ್ದೆ ಕಸಿಯಿತು. ಬೆಟ್ಟದ ಮೇಲೆ ಗುರುವಿನ ನೆನಪಿನಿಂದ ಶಿಷ್ಯನ ನೆನಪಿಗೆ ದಾಟಿದ್ದನ್ನು ಮಾತ್ರ ಯಾರಿಂದಲೂ ಕೀಳಲಾಗಲಿಲ್ಲ. ಮಕ್ಕಳಿಗೆ ಎರಡು ಪದ್ಯ ಬಾಯಿಗೆ ಬರಲಿ ಎಂದು ಮನೆಯ ಹಿರಿಯರು ಹಟ ಹಿಡಿದರೆ, ನಗುವ ಮುಂಚೆ ಇದನ್ನು ನೆನೆಯಬಹುದು.